ಕೆಡವಿದ ಊರಿನ ಬಣ್ಣ

ಅಂತರ್ಜಾಲಕ್ಕೂ ಇತಿಹಾಸವುಂಟು, ಅದರಲ್ಲಿಯೂ ಎದ್ದ ಊರುಗಳು ಬಿದ್ದ ಊರುಗಳು ಉಂಟು ಎಂದರೆ ಕೆಲವರು ನಕ್ಕಾರು. ಆದರೆ ಜಿಯೋಸಿಟೀಸನ್ನು ಕಟ್ಟಿದುದು ಊರಿನ ಮಾದರಿಯಲ್ಲಿಯೇ. 1994ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡೇವಿಡ್ ಬೊಹ್ನೆಟ್ ಎಂಬಾತ ಜಾನ್ ರೆಜ್ನರನ ಜೊತೆಗೂಡಿ ಅದನ್ನು ಆರಂಭಿಸಿದ. ಜಿಯೋಸಿಟೀಸ್ ಎಂಬ ಹೆಸರು ಬಂದುದು ಮರುವರ್ಷ. ಯಾರು ಬೇಕಾದರೂ ಕಾಸು ಕೊಡದೆ ಒಂದು ಬಡಾವಣೆಯನ್ನು ಆರಿಸಿಕೊಂಡು, ಖಾಲಿಯಿದ್ದ ಮನೆ ನಂಬರೊಂದನ್ನು ಹಿಡಿದು, ತಮ್ಮ ಪುಟವನ್ನು ತಾವೇ ಕಟ್ಟಿಕೊಳ್ಳಬಹುದಾಗಿತ್ತು. ಸಿನಿಮಾ ಹುಚ್ಚಿನವರಿಗೆ ಹಾಲಿವುಡ್, ಕವಿಗಳಿಗೂ ಕಲಾವಿದರಿಗೂ ಸೋಹೋ, ವೈಜ್ಞಾನಿಕ ಕಥೆಗಳನ್ನೂ ಅದ್ಭುತ ಕಥೆಗಳನ್ನೂ ಮೆಚ್ಚುವವರಿಗೆ ಏರಿಯ 51. ನಿವೇಶನಕ್ಕಾಗಿ ಅರ್ಜಿ ಹಾಕಿ ಕಾದು ಹಣ್ಣಾದ ನಮ್ಮವರಿಗೆ ಅಸೂಯೆ ಹುಟ್ಟಿಸುವಂಥ ಊರು!

ಆ ಪುಟಗಳ ಅಂದವನ್ನು ಏನೆಂದು ಹೇಳಲಿ? ಉಳಿದಿರುವವನ್ನು ನಾನು ಗಂಟೆಗಟ್ಟಲೆ ನೋಡುತ್ತ ಕುಳಿತದ್ದುಂಟು. ನಕ್ಷತ್ರ ಚೆಲ್ಲಿದ ಕಪ್ಪು ಹಿನ್ನೆಲೆ, ಅದರ ಮೇಲೆ ಕಣ್ಣು ಕುಕ್ಕುವ ಹಳದಿ ಅಕ್ಷರ, ಬಂದುಹೋದವರ ಲೆಕ್ಕವಿಡುವ ಅಂಕಿಗಳು, ಅತಿಥಿಗಳ ಸಹಿ ಪುಸ್ತಕ, ಕೆಲಸ ನಡೆಯುತ್ತಿದೆಯೆಂದು ಸಾರುತ್ತ ಗುದ್ದಲಿ ಹಿಡಿದು ನಿಂತ ಪುಟ್ಟ ಆಳು. ಎಷ್ಟೋ ಪುಟಗಳಲ್ಲಿ ಆತನ ಕೆಲಸ ಮುಗಿದೇ ಇಲ್ಲ. ಸಾಕಿದ ಬೆಕ್ಕಿನ ಚಿತ್ರ, ಮೆಚ್ಚಿದ ಗಾಯಕನ ಚರಿತ್ರೆ—ಬರೆದವರು ಬಲ್ಲಿದರಲ್ಲ; ಪಕ್ಕದ ಪುಟವನ್ನು ನೋಡಿ, ನಕಲು ಮಾಡಿ ಕಲಿತವರು. ಅಂಗಳದ ರಂಗೋಲಿಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು ಹೀಗೆಯೇ ಅಲ್ಲವೆ?

1999ರಲ್ಲಿ ಯಾಹೂ ಕಂಪನಿ ಈ ಊರನ್ನು 350 ಕೋಟಿ ಡಾಲರಿಗೂ ಮೀರಿದ ಬೆಲೆಯ ಷೇರುಗಳನ್ನು ಕೊಟ್ಟು ಕೊಂಡಿತು. ಲಾಭ ಷೇರುದಾರರಿಗೆ, ಮನೆ ಕಟ್ಟಿದವರ ಪಾಲಿಗೆ ಬಂದುದು ಹೊಸ ಕರಾರು. ಪುಟಗಳಲ್ಲಿರುವುದನ್ನೆಲ್ಲ ಪುಕ್ಕಟೆಯಾಗಿ, ಎಂದೆಂದಿಗೂ ಬಳಸಿಕೊಳ್ಳುವ ಹಕ್ಕು ಕಂಪನಿಗುಂಟೆಂದು ಅದರ ಸಾರ. ನಿವಾಸಿಗಳು ಸುಮ್ಮನಿರಲಿಲ್ಲ. ತಮ್ಮ ಪುಟಗಳ ಬಣ್ಣವನ್ನೆಲ್ಲ ಅಳಿಸಿ ಬೂದು ಬಳಿದು, ಊರನ್ನೇ ದೆವ್ವದ ಊರಾಗಿಸಿದರು. ಕಂಪನಿ ಕರಾರನ್ನು ತಿದ್ದಬೇಕಾಯಿತು. ನನಗೆ ತೋರುವಂತೆ, ಈ ಊರಿನ ಚರಿತ್ರೆಯಲ್ಲಿ ನಿಜವಾದ ಪೌರುಷದ ಅಧ್ಯಾಯವೆಂದರೆ ಇದೇ.

ಆಮೇಲಿನದು ಇಳಿಗಾಲ. ಜನ ಬೇರೆಡೆಗೆ ಹೋದರು. 2009ರ ಅಕ್ಟೋಬರ್ 26ರಂದು ಯಾಹೂ ಅಮೆರಿಕದ ಜಿಯೋಸಿಟೀಸನ್ನು ಮುಚ್ಚಿಬಿಟ್ಟಿತು. ಬಹು ಭಾಗ ಉಳಿದುದು ಜೇಸನ್ ಸ್ಕಾಟ್ ಮತ್ತು ಆರ್ಕೈವ್ ಟೀಮಿನ ಸ್ವಯಂಸೇವಕರಿಂದ. ಅವರು ಹಗಲಿರುಳು ಪುಟಗಳನ್ನು ಇಳಿಸಿಕೊಂಡು, ಮರುವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು.

ಇನ್ನು ಹತ್ತು ವರ್ಷಕ್ಕೆ ಆ ಬಣ್ಣಕ್ಕೆ ಮಾರುಕಟ್ಟೆ ಬಂದಿತು. 1995ರಲ್ಲಿ ನಡೆಯುವ ಕಥೆಯುಳ್ಳ 'ಕ್ಯಾಪ್ಟನ್ ಮಾರ್ವೆಲ್' ಚಿತ್ರಕ್ಕೆ 2019ರಲ್ಲಿ ಮಾರ್ವೆಲ್ ಸ್ಟುಡಿಯೋಸ್ ಪ್ರಚಾರದ ಪುಟವೊಂದನ್ನು ತೆರೆಯಿತು. ಅದೇ ಮಿಣುಕುವ ಚಿತ್ರಗಳು, ಅದೇ ಅಂಕಿಗಳು, ಅದೇ ಸಹಿ ಪುಸ್ತಕ. ಜನ ಹಿಗ್ಗಿದರು, ಹಳೆಯದಕ್ಕೆ ಇದೂ ಒಂದು ನಮಸ್ಕಾರವೆಂದರು. ಇರಬಹುದು. ಆದರೆ ಅಂದಿನವರು ತಮಗೆ ತಿಳಿದಷ್ಟರಲ್ಲಿ ಚೆಂದವಾಗಲೆಂದು ಕಟ್ಟಿದರು. ಇಂದಿನ ನಿಪುಣರು ಸಂಬಳ ಪಡೆದು, ಬೇಕೆಂದೇ ಸೊಟ್ಟಗೆ ಕಟ್ಟಿದರು. ಈ ಎರಡು ಸೊಟ್ಟುಗಳೂ ಒಂದೇ ಎನ್ನಲು ನನಗೆ ಮನಸ್ಸು ಬಾರದು.

ಚಿತ್ರ ತೆರೆ ಕಂಡುದು ಮಾರ್ಚ್ 8ರಂದು. ಆಗಲೂ ಜಪಾನಿನಲ್ಲಿ ನಿಜವಾದ ಜಿಯೋಸಿಟೀಸ್ ಒಂದು ಉಳಿದಿತ್ತು. ಅದನ್ನು ಅದೇ ತಿಂಗಳ 31ರಂದು ಮುಚ್ಚಲಾಯಿತು.