ಹಂಚಿಕೊಂಡ ಕಡತಗಳ ಕಥೆ

2002ರ ಮಾರ್ಚ್‌ನಲ್ಲಿ ಝಡ್‌ಲಿಬ್ ಎಂಬ ಪುಟ್ಟ ಲೈಬ್ರರಿಯಲ್ಲಿ ಒಂದು ದೋಷ ಬಯಲಾಯಿತು. ದತ್ತಾಂಶವನ್ನು ಹಿಂಡಿ ಚಿಕ್ಕದು ಮಾಡುವುದು, ಬೇಕಾದಾಗ ಬಿಡಿಸಿಕೊಡುವುದು ಅದರ ಕೆಲಸ. ಕೆಟ್ಟ ಪಿಎನ್‌ಜಿ ಚಿತ್ರವೊಂದನ್ನು ಬಿಡಿಸುವಾಗ ಅದು ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೊಮ್ಮೆ ಬಿಟ್ಟುಕೊಡುತ್ತಿತ್ತು. ದುರುದ್ದೇಶವಿದ್ದವರಿಗೆ ಅದೊಂದು ಕಳ್ಳದಾರಿ. ತಿದ್ದುಪಡಿ ಸಣ್ಣದು, ಬೇಗನೆ ಬಂತು. ಎಲ್ಲ ತಂತ್ರಾಂಶಗಳೂ ಒಂದೇ ಝಡ್‌ಲಿಬ್ ಹಂಚಿಕೊಂಡಿದ್ದಲ್ಲಿ ಒಂದು ಕಡತ ಬದಲಿಸಿ ಅವುಗಳನ್ನು ಮತ್ತೆ ಶುರುಮಾಡಿದರೆ ಮುಗಿಯಿತು. ಆದರೆ ಎಷ್ಟೋ ತಂತ್ರಾಂಶಗಳು ಅದರ ಪ್ರತಿಯನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದವು. ಲಿನಕ್ಸ್ ಕರ್ನಲ್‌ನಲ್ಲೂ ಒಂದು ಪ್ರತಿಯಿತ್ತು. ಯಾರ ಬಳಿ ಯಾವ ಪ್ರತಿ ಇದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಹಂಚಿಕೊಳ್ಳುವ ಪದ್ಧತಿ ಬೆಳೆದದ್ದು ಬಡತನದಿಂದ. ಮೆಮೊರಿ, ಡಿಸ್ಕ್ ಎರಡೂ ದುಬಾರಿಯಾಗಿದ್ದ ಕಾಲವದು. 1988ರ ಸನ್‌ಓಎಸ್ 4.0 ಯುನಿಕ್ಸ್ ಲೋಕದಲ್ಲಿ ಈ ವ್ಯವಸ್ಥೆಗೆ ಒಂದು ಮಾದರಿ ಹಾಕಿಕೊಟ್ಟಿತು. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ಗಳಿದ್ದವು, ಆದರೆ ಅವನ್ನು ಕಾಯುವವರಿರಲಿಲ್ಲ. ಹೊಸ ತಂತ್ರಾಂಶ ಹಾಕಿದರೆ ಅದು ಸಿಸ್ಟಂ ಫೋಲ್ಡರ್‌ನಲ್ಲಿ ತನ್ನ ಡಿಎಲ್‌ಎಲ್ ಸುರಿದು ಹೋಗುತ್ತಿತ್ತು, ನಿನ್ನೆವರೆಗೆ ಸರಿಯಿದ್ದ ಇನ್ನೊಂದು ಮುಗ್ಗರಿಸುತ್ತಿತ್ತು. ಜನ ಅದಕ್ಕೆ ‘ಡಿಎಲ್‌ಎಲ್ ನರಕ’ ಎಂದೇ ಹೆಸರಿಟ್ಟರು. ವಿಂಡೋಸ್ 2000 ಸಿಸ್ಟಂ ಕಡತಗಳಿಗೆ ಕಾವಲು ಹಾಕಿತು. ಎಕ್ಸ್‌ಪಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಡುವ ಏರ್ಪಾಟು ತಂದಿತು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬೇರೆ ದಾರಿ ಹಿಡಿಯಿತು. ಪ್ರತಿ ಪ್ಯಾಕೇಜೂ ತನಗೆ ಏನೇನು ಬೇಕೆಂದು ಹೇಳಬೇಕು, ಒದಗಿಸುವುದು ವ್ಯವಸ್ಥೆಯ ಹೊಣೆ. 1999ರ ಡೆಬಿಯನ್ 2.1ರೊಂದಿಗೆ ಬಂದ ಆಪ್ಟ್, ಬೇಕಾದದ್ದನ್ನು ತಾನೇ ಹುಡುಕಿ ತರತೊಡಗಿತು. ಸೊಗಸಾದ ವ್ಯವಸ್ಥೆ, ಆದರೆ ಕೂಡು ಕುಟುಂಬದ ತಾಪತ್ರಯಗಳೂ ಅದಕ್ಕಿದ್ದವು: ಸಾವಿರಾರು ತಂತ್ರಾಂಶಗಳು ಒಂದೇ ಆವೃತ್ತಿಗೆ ಒಪ್ಪಬೇಕು. ಹೊಸದು ಬೇಕಾದವನು ಮುಂದಿನ ಬಿಡುಗಡೆವರೆಗೆ ಕಾಯಬೇಕು.

ಆ ಕಾಯುವಿಕೆಯೇ ಬೇರೆ ಮನೆ ಮಾಡುವ ಆಸೆಯನ್ನು ಹುಟ್ಟಿಸಿತು. ಸೈಮನ್ ಪೀಟರ್ ಅವರ ಆಪ್‌ಇಮೇಜ್‌ನಲ್ಲಿ ಒಂದು ತಂತ್ರಾಂಶವೆಂದರೆ ಒಂದು ಕಡತ, ಅಗತ್ಯದ ಬಹುಪಾಲು ಅದರೊಳಗೇ. ಆದರೂ ಅದು ಪೂರ್ತಿ ಸ್ವತಂತ್ರವಲ್ಲ. ಮೂಲ ಸಿ ಲೈಬ್ರರಿಯನ್ನು ಸಾಮಾನ್ಯವಾಗಿ ಆತಿಥೇಯ ಗಣಕದಿಂದಲೇ ಪಡೆಯುವುದರಿಂದ, ಹಳೆಯ ಲಿನಕ್ಸ್‌ನಲ್ಲಿ ಕಟ್ಟಿದರಷ್ಟೇ ಎಲ್ಲ ಕಡೆ ಓಡೀತು. ಕ್ಯಾನೊನಿಕಲ್‌ನ ಸ್ನ್ಯಾಪ್, ತಳಪಾಯವನ್ನು ಹಂಚಿಕೊಂಡು ಉಳಿದದ್ದನ್ನು ಪೊಟ್ಟಣದೊಳಗೆ ಕಟ್ಟುತ್ತದೆ. ಅಲೆಕ್ಸಾಂಡರ್ ಲಾರ್ಸನ್ ಅವರ ಎಕ್ಸ್‌ಡಿಜಿ-ಆಪ್ 2016ರಲ್ಲಿ ಫ್ಲಾಟ್‌ಪ್ಯಾಕ್ ಎಂಬ ಹೆಸರು ಪಡೆಯಿತು. ಅದರಲ್ಲಿ ಗ್ನೋಮ್, ಕೆಡಿಇಗಳಿಗೆಂದೇ ‘ರನ್‌ಟೈಂ’ಗಳಿವೆ, ಒಂದೇ ಕಡತ ಎರಡು ಕಡೆ ಬೇಕಾದರೂ ಡಿಸ್ಕಿನಲ್ಲಿ ಒಂದೇ ಪ್ರತಿ. ಇದು ಜಾಣ ರಾಜಿ, ಆದರೆ ತಂತ್ರಾಂಶಗಳು ಬೇರೆ ಬೇರೆ ರನ್‌ಟೈಂ ಬೇಡಿದಾಗ ಉಳಿತಾಯ ಕರಗುತ್ತದೆ.

ಕನ್ನಡದ ಒತ್ತಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಜ್ ಕೂಡ ಇಂಥದೇ ಹಂಚಿಕೆಯ ಲೈಬ್ರರಿ. ಅದರ ತಿದ್ದುಪಡಿ, ಹಳೆಯ ಪ್ರತಿಯನ್ನು ಹೊತ್ತು ತಿರುಗುವ ತಂತ್ರಾಂಶವನ್ನು ತಲುಪುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿಯ ಸರದಿ. ಈ ಬಾರಿಯೂ ಚಿತ್ರ ಬಿಡಿಸುವ ಲೈಬ್ರರಿಯೇ, ತಿದ್ದುಪಡಿಯೂ ಬೇಗನೆ ಬಂತು. ಡೆಬಿಯನ್ ತನ್ನ ಲೈಬ್ರರಿಯನ್ನು ಬದಲಿಸಿತು. ಆದರೆ ಎಲೆಕ್ಟ್ರಾನ್‌ನಲ್ಲಿ ಕಟ್ಟಿದ ಚಾಟ್, ಎಡಿಟರ್ ತಂತ್ರಾಂಶಗಳು ಕ್ರೋಮಿಯಂ ಬ್ರೌಸರನ್ನೇ ಇಡಿಯಾಗಿ ಹೊತ್ತಿದ್ದವು, ಅದರೊಳಗೆ ಲಿಬ್‌ವೆಬ್‌ಪಿಯೂ ಇತ್ತು. ಅವುಗಳ ತಯಾರಕರು ಒಬ್ಬೊಬ್ಬರಾಗಿ ಹೊಸ ಆವೃತ್ತಿ ಹೊರಡಿಸುವವರೆಗೆ ಬಳಕೆದಾರರು ಕಾಯಬೇಕಾಯಿತು.