ಅಕ್ಷರ ತಿದ್ದುವಿಕೆ

ಮೊದಲೇ ಬರೆದಿಟ್ಟ ಅಕ್ಷರದ ಮೇಲೆ ಬೆರಳು, ಬಳಪ ಅಥವಾ ಪೆನ್ಸಿಲ್ ಆಡಿಸಿ ಎಳೆಯ ಮಕ್ಕಳಿಗೆ ಬರವಣಿಗೆ ರೂಢಿಸುವ ಕ್ರಮ. ಇದು ಬಹಳ ಹಳೆಯದು. ಹಲಗೆಯಲ್ಲಿ ಅಕ್ಷರ ಕೊರೆದು, ಆ ಜಾಡಿನಲ್ಲೇ ಮಗುವಿನ ಕಂಟ ಸಾಗಲಿ ಎಂದು ರೋಮಿನ ಶಿಕ್ಷಕ ಕ್ವಿಂಟಿಲಿಯನ್ ಒಂದನೆಯ ಶತಮಾನದಲ್ಲೇ ಹೇಳಿದ್ದ. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿ ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದರು. ಮಗು ಅದನ್ನು ಬೆರಳಿನಿಂದ ಸವರುತ್ತಲೇ ಅದರ ಧ್ವನಿಯನ್ನೂ ಕೇಳಿ ನುಡಿಯುತ್ತಿತ್ತು.

ಕನ್ನಡ ನಾಡಿನ ಹಳೆಯ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮರಳೇ ಪುಸ್ತಕವಾಗಿತ್ತು. ಅಕ್ಷರಾಭ್ಯಾಸದ ದಿನ ಹಿರಿಯರು ಮಗುವಿನ ಬೆರಳು ಹಿಡಿದು ತಟ್ಟೆಯ ಅಕ್ಕಿಯಲ್ಲಿ ಬರೆಸುವ ಪದ್ಧತಿ ಶೃಂಗೇರಿಯಂಥ ಕ್ಷೇತ್ರಗಳಲ್ಲಿ ಇಂದಿಗೂ ಇದೆ. ಮರಳಿನ ನಂತರ ಸ್ಲೇಟು, ಆಮೇಲೆ ಚುಕ್ಕಿ ಅಕ್ಷರಗಳ ಕಾಪಿ ಪುಸ್ತಕ ಬಂದವು.

ಕನ್ನಡ ಲಿಪಿ ದುಂಡಗಿನದು. ಎಳೆಯ ಬೆರಳಿಗೆ ಕಷ್ಟವಾಗುವುದು ತಲೆಕಟ್ಟಿಗಿಂತ ಹೆಚ್ಚಾಗಿ ಒಳಸುತ್ತುಗಳು. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಸುತ್ತು ಹೆಚ್ಚಿರುವ ‘ಅ’, ‘ಆ’ಗಳೇ ಮೊದಲು ಎದುರಾಗುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಎಂಬ ಶಾಲಾ ಕಲಿಕೆಯ ಕಾರ್ಯಕ್ರಮ ಈ ಕ್ರಮ ಬಿಟ್ಟು, ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ಕಲಿಕೆ ತೊಡಗಿಸಿತು. ಇದು ಜಾಣತನದ ಆಯ್ಕೆ.

ತಿದ್ದಿಸುವಾಗ ಗೆರೆ ಎಲ್ಲಿ ಶುರುವಾಗಿ ಯಾವ ಕಡೆ ತಿರುಗುತ್ತದೆ ಎಂಬುದನ್ನು ದೊಡ್ಡವರು ನೋಡುತ್ತಿರಬೇಕು. ಇಲ್ಲವಾದರೆ ಮಗು ಅಕ್ಷರ ಬರೆಯದೆ ಚಿತ್ರಕ್ಕೆ ಬಣ್ಣ ತುಂಬಿದಂತೆ ಚುಕ್ಕಿಗಳನ್ನಷ್ಟೇ ಕೂಡಿಸುತ್ತದೆ. ಒಂದೇ ಅಕ್ಷರವನ್ನು ಪುಟಗಟ್ಟಲೆ ತಿದ್ದಿಸುವುದು ವ್ಯರ್ಥ. ನಾಲ್ಕಾರು ಸಲವಾದ ಮೇಲೆ ನೋಡದೆ ಬರೆಯಲು ಬಿಡುವುದೇ ಸರಿ.