ಸ್ವಾಮಿ

ಸಂಸ್ಕೃತದ ‘ಸ್ವ’ ಎಂದರೆ ತನ್ನದು; ಅದರಿಂದ ಹುಟ್ಟಿದ ‘ಸ್ವಾಮಿ’ಯ ಮೂಲಾರ್ಥ ಒಡೆಯ. ಪುಸ್ತಕಗಳ ‘ಹಕ್ಕುಸ್ವಾಮ್ಯ’ದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಹಳ್ಳಿಯ ಬಾಯಲ್ಲಿ ಇದು ‘ಸಾಮಿ’. ಹಿಂದಿಯ ‘ಜಿ’ ಸೇರಿ ಮಠಗಳಲ್ಲಿ ‘ಸ್ವಾಮೀಜಿ’. ಸಂನ್ಯಾಸಿಗೆ ಸಲ್ಲುವಾಗ ಅರ್ಥ ಒಳಮುಖವಾಗುತ್ತದೆ: ತನ್ನ ಇಂದ್ರಿಯಗಳಿಗೆ ಒಡೆಯ, ಮಿಕ್ಕ ಯಾವುದಕ್ಕೂ ಅಲ್ಲ. 2019ರಲ್ಲಿ ಲಿಂಗೈಕ್ಯರಾದ ತುಮಕೂರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, ಜಾತಿ ಕೇಳದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಟ್ಟರು. ಹೆಸರಿಗೆ ತಕ್ಕಂತೆ ಬಾಳಿದರು. ಆದರೆ ಮಠದ ಭೂಮಿ, ಕಾಲೇಜಿನ ಸೀಟು, ಮಂತ್ರಿಗಿರಿಯ ಶಿಫಾರಸುಗಳಲ್ಲೇ ಮುಳುಗಿದವರಿಗೆ ಒಪ್ಪುವುದು ಆಸ್ತಿಯ ಒಡೆಯನೆಂಬ ಹಳೆಯ ಅರ್ಥವೊಂದೇ. ಕಾವಿ ಕಂಡೊಡನೆ ‘ಸ್ವಾಮಿ’ ಎನ್ನುವ ಮೊದಲು, ಓದುಗರೇ, ಅದನ್ನು ತೊಟ್ಟವರ ನಡತೆಯನ್ನೂ ಒಮ್ಮೆ ನೋಡಿ.